ಕೂತು ಮಾಡೋ ಧ್ಯಾನ ಸರಿ, ಎದ್ದ ಮೇಲಿನ ಕಥೆ ಏನು?

ನಿಧಾನಗತಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಓಡ್ತಿರೋ ವಿಷಯ ಇದು, ಇಲ್ಲಿ ಧ್ಯಾನ ಮಾಡೋರು ತುಂಬ ಜನ ಇದೀರಿ ಅಂತ ಕೇಳ್ತಿದೀನಿ. ನಾನು ಕೆಲವು ವರ್ಷದಿಂದ ಬೆಳಗ್ಗೆ ಎದ್ದು ಕೂತ್ಕೋತೀನಿ, ಉಸಿರಿನ ಮೇಲೆ ಗಮನ, ಅಷ್ಟೇ, ಬೇರೇನಿಲ್ಲ. ಕೂತಿರೋವಾಗ ಚೆನ್ನಾಗೇ ಇರತ್ತೆ. ಎದ್ದು ಫೋನ್ ಕೈಗೆ ತಗೊಂಡು ಮೊದಲನೇ ಮೆಸೇಜ್ ಓದೋ ಹೊತ್ತಿಗೆ ಆ ಸಮಾಧಾನ ಎಲ್ಲಿತ್ತು ಅಂತ ಹುಡುಕಬೇಕು. ಮನೇಲಿ ಯಾರೋ ಒಂದು ಮಾತು ಹೆಚ್ಚು ಆಡಿದ್ರೆ ಉತ್ತರ ನಾಲಿಗೆ ತುದೀಲಿ ರೆಡಿ ಇರತ್ತೆ, ಉಸಿರೂ ಇಲ್ಲ ಗಮನಾನೂ ಇಲ್ಲ.

ಎಚ್ಚರ ಇರೋದು ಹೆಚ್ಚುಕಮ್ಮಿ 16 ಗಂಟೆ, ಅದರಲ್ಲಿ ಕೂರೋದು ಅರ್ಧ ಗಂಟೆ. ಆ ಅರ್ಧ ಗಂಟೆ ಉಳಿದಿದ್ದಕ್ಕೆ ತಲುಪದೇ ಹೋದ್ರೆ ಕೂರೋದಾದ್ರೂ ಯಾಕೆ ಅನ್ನೋದು ನನ್ನ ನಿಜವಾದ ಪ್ರಶ್ನೆ. ಪುಸ್ತಕದ ಮಾತು ಬೇಡ ಅಂತಲ್ಲ, ಆದ್ರೆ ನಿಮ್ಮ ದಿನದಲ್ಲಿ ಎಲ್ಲಿ, ಯಾವ ಕೆಲಸದ ನಡುವೆ, ಏನು ಮಾಡ್ತೀರಿ ಅಂತ ಬಿಡಿಸಿ ಹೇಳಿದ್ರೆ ಉಪಕಾರ.

ರಾತ್ರಿಪಾಳಿ

ನಾನು ನರ್ಸ್. ನಂದು ಸಿಂಪಲ್. ಒಬ್ಬ ಪೇಷಂಟ್ ಹತ್ರ ಹೋಗೋ ಮುಂಚೆ ಒಂದ್ಸಲ, ಬಂದ ಮೇಲೆ ಒಂದ್ಸಲ ಕೈ ತೊಳೀಲೇಬೇಕು, ಅದು ರೂಲು. ಕೈಗೆ ಹಾಕೋ ಸ್ಯಾನಿಟೈಸರ್ ಚೆನ್ನಾಗಿ ಉಜ್ಜೋಕೆ 20ರಿಂದ 30 ಸೆಕೆಂಡ್ ಬೇಕು, ಸೋಪು ನೀರಾದ್ರೆ ಇನ್ನೂ ಸ್ವಲ್ಪ ಜಾಸ್ತಿ. ಆ ಹೊತ್ತು ನಂದು. ತಣ್ಣಗಿರೋದು, ಬೆರಳ ಸಂದಿ, ಉಗುರಿನ ಹತ್ರ ಒಣಗೋದು, ಕಾಲು ನೆಲಕ್ಕೆ ತಾಗಿರೋದು, ಅಷ್ಟೇ ನೋಡ್ತೀನಿ. ಹಿಂದಿನ ರೂಮಿನ ಗಾಬರೀನ ಮುಂದಿನ ರೂಮಿಗೆ ಹೊತ್ಕೊಂಡು ಹೋಗೋದು ಕಮ್ಮಿ ಆಗಿದೆ. ಟೈಮ್ ಎಕ್ಸ್ಟ್ರಾ ಏನೂ ಹೋಗಲ್ಲ, ಹೇಗಿದ್ರೂ ಮಾಡಲೇಬೇಕಾದ ಕೆಲಸ.

ಹಳೇಬೇರು

ನಿಧಾನಗತಿ ಅವರೇ, ಮೊದಲು ಒಂದು ವಿಷಯ. ಕೂತಾಗ ಸಿಕ್ಕ ಸಮಾಧಾನಾನೇ ಧ್ಯಾನದ ಫಲ ಅನ್ಕೊಂಡ್ರೆ ಎದ್ದ ತಕ್ಷಣ ಅದು ಕಳೆದುಹೋಯ್ತು ಅಂತ್ಲೇ ಅನ್ಸತ್ತೆ, ಯಾಕಂದ್ರೆ ಸಮಾಧಾನ ಅನ್ನೋದು ಹವಾಮಾನ ಥರ ಬರತ್ತೆ ಹೋಗತ್ತೆ, ಅದನ್ನ ಕಟ್ಟಿ ಇಟ್ಕೊಳ್ಳೋಕೆ ಯಾರಿಗೂ ಆಗಿಲ್ಲ. ಕೂತಾಗ ನಿಜವಾಗಿ ಏನು ನಡೀತಿದೆ ನೋಡಿ. ಉಸಿರಿನ ಮೇಲೆ ಗಮನ ಇಡ್ತೀರಿ, ಮನಸ್ಸು ಎಲ್ಲೋ ಹೋಗತ್ತೆ, ಹೋಗಿದೆ ಅಂತ ಒಂದು ಕ್ಷಣದಲ್ಲಿ ಗೊತ್ತಾಗತ್ತೆ, ಬೈಕೊಳ್ಳದೆ ವಾಪಸ್ ಬರ್ತೀರಿ. ಗೊತ್ತಾಗೋದು ಮತ್ತೆ ವಾಪಸ್ ಬರೋದು, ಪಳಗೋದು ಇವೆರಡೇ. ಮನಸ್ಸು ಓಡಿಹೋಗದೇ ಇದ್ದ ದಿನ "ಇವತ್ತು ಚೆನ್ನಾಗಾಯ್ತು" ಅಂತಾರೆ ಎಲ್ಲರೂ, ನಾನಾದ್ರೆ ಹತ್ತಾರು ಸಲ ಓಡಿ ಹತ್ತಾರು ಸಲ ಸಿಕ್ಕಿಬಿದ್ದ ದಿನಾನೇ ಒಳ್ಳೇ ದಿನ ಅಂತೀನಿ.

ಎರಡನೇದು, ದಿನದ ಕೆಲಸದಲ್ಲಿ ಗಮನ ಅನ್ನೋದು ಈಗಿನ ಕಾಲದವರು ಸೇರಿಸಿದ್ದಲ್ಲ. ಸತಿಪಟ್ಠಾನ ಸುತ್ತ ಅಂತ ಗಮನದ ಬಗ್ಗೆ ಬುದ್ಧನ ಒಂದು ಉಪದೇಶ ಇದೆ, ಅದರಲ್ಲಿ ಉಸಿರಿನ ಭಾಗ ಮುಗಿದ ತಕ್ಷಣ ಬರೋದೇ ನಾಲ್ಕು ಭಂಗಿ: ನಡೆಯೋದು, ನಿಲ್ಲೋದು, ಕೂರೋದು, ಮಲಗೋದು. ಅದಾದ ಮೇಲೆ ಮುಂದೆ ಹೋಗೋವಾಗ ಹಿಂದೆ ಬರೋವಾಗ, ಆ ಕಡೆ ಈ ಕಡೆ ನೋಡೋವಾಗ, ಕೈಕಾಲು ಮಡಚೋವಾಗ ಚಾಚೋವಾಗ, ಬಟ್ಟೆ ತೊಡೋವಾಗ, ತಿನ್ನೋವಾಗ ಕುಡಿಯೋವಾಗ, ಮಲಮೂತ್ರಕ್ಕೆ ಹೋದಾಗ ಕೂಡ, ಮಾತಾಡೋವಾಗ, ಸುಮ್ಮನಿರೋವಾಗ, ಎಲ್ಲದರಲ್ಲೂ ಎಚ್ಚರ ಇರಲಿ ಅಂತ ಒಂದೊಂದಾಗಿ ಹೇಳಿದೆ. ಕಣ್ಣು ಮುಚ್ಚಿ ಕೂತಿದ್ದು ಮಾತ್ರ ಧ್ಯಾನ ಅಂತ ಎಲ್ಲೂ ಇಲ್ಲ.

ಆದ್ರೆ ಇದನ್ನೇ ಹಿಡ್ಕೊಂಡು "ಹಾಗಿದ್ರೆ ಕೂರೋದೇ ಬೇಡ, ಪಾತ್ರೆ ತೊಳೆಯೋದೇ ನನ್ನ ಧ್ಯಾನ" ಅನ್ನೋರನ್ನ ನಾನು ಒಪ್ಪಲ್ಲ. ಈಜು ಕಲಿಯೋರು ಮೊದಲು ನಿಂತ ನೀರಿಗೇ ಇಳೀತಾರೆ, ಹರಿಯೋ ಹೊಳೆಗಲ್ಲ. ಸದ್ದಿಲ್ಲದೆ ಕೂತಾಗಲೇ ಮನಸ್ಸು ಹೋಗಿದ್ದು ತಿಳೀದೇ ಇದ್ರೆ ಜಗಳದ ಮಧ್ಯೆ ಹೇಗೆ ತಿಳಿಯತ್ತೆ? ಎರಡೂ ಬೇಕು.

ಎರಡ್ಮಕ್ಕಳಮ್ಮ

ಹಳೇಬೇರು ಅವರು ಹೇಳಿದ್ದು ಓದೋಕೆ ಚೆಂದ. ನನಗೆ ಕೂರೋಕೆ ಜಾಗಾನೂ ಇಲ್ಲ ಹೊತ್ತೂ ಇಲ್ಲ, ಒಂದು ಮಲಗಿದ್ರೆ ಇನ್ನೊಂದು ಏಳತ್ತೆ. ಹಾಗಾದ್ರೆ ನಮ್ಮಂಥೋರು ಏನು, ಮಕ್ಕಳು ದೊಡ್ಡೋರಾಗೋ ತನಕ ಕಾಯಬೇಕಾ? ಬೇಜಾರಲ್ಲಿ ಕೇಳ್ತಿಲ್ಲ, ನಿಜವಾಗ್ಲೂ ಕೇಳ್ತಿದೀನಿ.

ಹಳೇಬೇರು

ಖಂಡಿತ ಕಾಯಬೇಡಿ. ನಾನು ಹೇಳಿದ್ದು ಸಮಯ ಇದ್ದೂ ಕೂರದೇ ಇರೋರಿಗೆ. ನಿಮಗೆ ಮಗುಗೆ ಹಾಲು ಕೊಡೋ ಹೊತ್ತು ಅಂತೂ ಇದೆ, ಅಲ್ಲಿ ಹೇಗಿದ್ರೂ ಏಳೋ ಹಾಗಿಲ್ಲ. ಆ ಹೊತ್ತಲ್ಲಿ ಫೋನ್ ಪಕ್ಕಕ್ಕಿಟ್ಟು ಮಗು ತೂಕ ತೋಳಿನ ಮೇಲೆ ಹೇಗಿದೆ, ಅದರ ಉಸಿರು, ನಿಮ್ಮ ಉಸಿರು, ಭುಜ ಬಿಗಿ ಹಿಡಿದಿದ್ಯಾ ಅಂತ ನೋಡಿ. ಎಲ್ಲಾ ಸಲ ಬೇಡ, ದಿನಕ್ಕೆ ಒಂದ್ಸಲ ಸಾಕು. ಇದು ಕೂತು ಮಾಡೋ ಧ್ಯಾನಾನೇ, ಬೇರೆ ಹೆಸರು ಬೇಕಿಲ್ಲ.

ಪ್ರಶ್ನೆಕೋರ

ಸ್ವಲ್ಪ ಬೇರೆ ದಿಕ್ಕಿಂದ ಬರ್ತೀನಿ, ಬೇಜಾರಾಗಬೇಡಿ. ಮನಸ್ಸು ಅಲೆಯೋದು ಕೆಟ್ಟದ್ದು ಅಂತ ಎಲ್ಲರೂ ಹಿಡ್ಕೊಂಡಿರೋದಕ್ಕೆ ಮುಖ್ಯ ಆಧಾರ 2010ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ಕಿಲಿಂಗ್ಸ್‌ವರ್ತ್ ಮತ್ತೆ ಗಿಲ್ಬರ್ಟ್ ಅವರ ಅಧ್ಯಯನ. 2250 ಜನಕ್ಕೆ ಫೋನ್ ಆ್ಯಪ್ ಮೂಲಕ ಯಾವ್ಯಾವುದೋ ಹೊತ್ತಲ್ಲಿ ಈಗ ಏನ್ಮಾಡ್ತಿದೀರಿ, ಏನ್ ಯೋಚಿಸ್ತಿದೀರಿ, ಹೇಗನ್ಸ್ತಿದೆ ಅಂತ ಕೇಳಿದ್ರು, 46.9 ಪರ್ಸೆಂಟ್ ಉತ್ತರದಲ್ಲಿ ಮನಸ್ಸು ಮಾಡ್ತಿರೋ ಕೆಲಸದಲ್ಲಿ ಇರಲೇ ಇಲ್ಲ, ಮತ್ತೆ ಆ ಹೊತ್ತಲ್ಲಿ ಜನ ಕಮ್ಮಿ ಖುಷಿಯಾಗಿದ್ರು. ಸರಿ. ಆದ್ರೆ ನನ್ನ ಕೆಲಸದಲ್ಲಿ ಅತಿ ಒಳ್ಳೇ ಐಡಿಯಾ ಬರೋದೇ ಸುಮ್ನೆ ನಡೀತಾ ಮನಸ್ಸನ್ನ ಹರಿಬಿಟ್ಟಾಗ. ಅದನ್ನೂ ಹಿಡಿದು ಕಟ್ಟಿಹಾಕಬೇಕಾ?

ಇನ್ನೊಂದು, ಧ್ಯಾನ ಅಂದ್ರೆ ಸರ್ವರೋಗಕ್ಕೂ ಮದ್ದು ಅನ್ನೋ ಪ್ರಚಾರ ನೋಡಿ ಸಾಕಾಗಿದೆ. ವೈದ್ಯಕೀಯ ಪತ್ರಿಕೆ ಜಾಮಾ ಇಂಟರ್ನಲ್ ಮೆಡಿಸಿನ್‌ನಲ್ಲಿ 2014ರಲ್ಲಿ 47 ಟ್ರಯಲ್ (ಜನರ ಮೇಲೆ ಮಾಡಿದ ಪ್ರಯೋಗ), ಒಟ್ಟು 3515 ಜನರ ಮಾಹಿತಿ ಸೇರಿಸಿ ಒಂದು ಪರಿಶೀಲನೆ ಬಂತು. ಆತಂಕ, ಖಿನ್ನತೆ, ನೋವು ಈ ಮೂರಕ್ಕೆ ಸಾಧಾರಣ ಮಟ್ಟದ ಸಾಕ್ಷ್ಯ ಇದೆ, ನಿದ್ದೆ, ತೂಕ, ಗಮನ ಇಂಥವಕ್ಕೆ ಸಾಕ್ಷ್ಯ ಕಮ್ಮಿ ಅಥವಾ ಸಾಲದು, ವ್ಯಾಯಾಮ ಔಷಧಿ ಇಂಥವಕ್ಕಿಂತ ಮೇಲು ಅನ್ನೋಕೆ ಸಾಕ್ಷ್ಯ ಇಲ್ಲ ಅಂತ ಅದು ಹೇಳಿದ್ದು. "8 ವಾರದಲ್ಲಿ ಮೆದುಳಿನ ರಚನೇನೇ ಬದಲಾಗತ್ತೆ" ಅನ್ನೋ ಮಾತು 2011ರ ಒಂದು ಸಣ್ಣ ಅಧ್ಯಯನದಿಂದ ಊರೆಲ್ಲಾ ಹಬ್ಬಿತು, 2022ರಲ್ಲಿ ಸೈನ್ಸ್ ಅಡ್ವಾನ್ಸಸ್‌ನಲ್ಲಿ ಇನ್ನೂ ಗಟ್ಟಿಯಾಗಿ ಮಾಡಿದ ಪ್ರಯೋಗದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇದನ್ನೂ ಹೇಳ್ಬೇಕಲ್ವಾ?

ಬೆನ್ನುನೋವು ಬಳಗ

ಹೇಳ್ಬೇಕು, ಚೆನ್ನಾಗೇ ಹೇಳಿದ್ರಿ. ಆದ್ರೆ ಆ ಮೂರರಲ್ಲಿ ನೋವೂ ಇದೆ ನೋಡಿ, ನಾನು ಮಾತಾಡೋದು ಅಲ್ಲಿಂದ.

ಅಮೆರಿಕದ ಜಾನ್ ಕಬತ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ ಮೆಡಿಕಲ್ ಸ್ಕೂಲ್‌ನಲ್ಲಿ ಧ್ಯಾನ ಕಲಿಸೋ ಕ್ಲಿನಿಕ್ ಶುರು ಮಾಡಿದಾಗ ಬಂದೋರು ಶಾಂತಿ ಹುಡುಕ್ಕೊಂಡು ಬಂದೋರಲ್ಲ, ಡಾಕ್ಟರ್‌ಗಳ ಚಿಕಿತ್ಸೆಯಿಂದ ಪೂರ್ತಿ ಗುಣ ಕಾಣದ, ವರ್ಷಗಟ್ಟಲೆ ನೋವು ತಿಂದ ಜನಾನೇ ಅದರಲ್ಲಿ ಜಾಸ್ತಿ. 8 ವಾರದ ಕೋರ್ಸು, ವಾರಕ್ಕೊಂದು ಕ್ಲಾಸು, ಮನೇಲಿ ದಿನಾ 45 ನಿಮಿಷದ ಅಭ್ಯಾಸ, ಮಧ್ಯೆ ಒಂದು ದಿನ ಪೂರ್ತಿ ಮೌನ. ಮೊದಲನೇ ಕ್ಲಾಸಲ್ಲಿ ಒಂದೇ ಒಂದು ಒಣದ್ರಾಕ್ಷಿ ಕೊಟ್ಟು ಅದನ್ನ ನೋಡಿ, ಮೂಸಿ, ಬೆರಳಲ್ಲಿ ಹೊರಳಿಸಿ, ನಿಧಾನಕ್ಕೆ ತಿನ್ನೋಕೆ ಹೇಳ್ತಾರೆ, ಆಮೇಲೆ ಬಾಡಿ ಸ್ಕ್ಯಾನ್, ಅಂದ್ರೆ ಮಲಗಿಕೊಂಡು ಕಾಲ್ಬೆರಳಿಂದ ನೆತ್ತಿ ತನಕ ಒಂದೊಂದೇ ಭಾಗಕ್ಕೆ ಗಮನ ಒಯ್ಯೋದು. ನಾನು ಮಾಡಿದ್ದು ಆ ಮಾದರಿ ಕೋರ್ಸೇ.

ಅಲ್ಲಿ ಕಲಿತಿದ್ದು ಏನಂದ್ರೆ, ನಾನು "ನೋವು" ಅಂತ ಒಂದೇ ಮುದ್ದೆ ಮಾಡಿ ಇಟ್ಕೊಂಡಿದ್ದು ಒಂದೇ ಅಲ್ಲ. ಅದರಲ್ಲಿ ಸುಡೋದು ಒಂದಿದೆ, ಎಳೆಯೋದು ಒಂದಿದೆ, ಮಿಡಿಯೋದು ಒಂದಿದೆ, ಅದು ಜಾಗ ಬದಲಾಯಿಸತ್ತೆ, ಕೆಲವು ಹೊತ್ತು ಇರೋದೇ ಇಲ್ಲ. ಅದರ ಸುತ್ತ ಸ್ನಾಯು ಬಿಗಿಹಿಡಿಯೋದು ಬೇರೆ. "ಇದು ಯಾವತ್ತೂ ಹೋಗಲ್ಲ, ನನ್ನ ಕೈಲಿ ಇನ್ಮೇಲೆ ಏನೂ ಆಗಲ್ಲ" ಅನ್ನೋ ಮಾತು ಇನ್ನೂ ಬೇರೆ. ಮೊದಲನೇದರ ಮೇಲೆ ನನ್ನ ಕೈ ನಡೆಯಲ್ಲ, ಎರಡನೇದು ಗಮನಕ್ಕೆ ಬಂದ್ರೆ ಅರ್ಧ ತಾನೇ ಸಡಿಲ ಆಗತ್ತೆ, ಮೂರನೇದನ್ನ ಯೋಚನೆ ಅಂತ ಗುರುತಿಸಿದ್ರೆ ಅದು ಭವಿಷ್ಯವಾಣಿ ಥರ ಕೇಳಿಸಲ್ಲ. ನೋವು ಇದೆ ಈಗಲೂ, ಔಷಧಿನೂ ತಗೋತೀನಿ, ಫಿಸಿಯೋ ಹೇಳಿದ ವ್ಯಾಯಾಮಾನೂ ಮಾಡ್ತೀನಿ. ಆದ್ರೆ ದಿನ ಪೂರ್ತಿ ನೋವಿನದ್ದೇ ಆಗಿರಲ್ಲ. ಇದನ್ನ ಯಾವ ಅಂಕಿಸಂಖ್ಯೆಲೂ ಹಿಡಿಯೋಕಾಗಲ್ಲ ಅನ್ಸತ್ತೆ ನನಗೆ.

ನಿಧಾನಗತಿ

ಬೆನ್ನುನೋವು ಬಳಗ ಅವರೇ, ಇದನ್ನ ಎರಡೆರಡು ಸಲ ಓದ್ದೆ. ಸಿಟ್ಟಿಗೂ ಇದೇ ಲೆಕ್ಕ ಅಲ್ವಾ? ಎದೆ ಬಿಸಿಯಾಗೋದು, ದವಡೆ ಬಿಗಿಯಾಗೋದು ಒಂದು, "ಇವರು ಯಾವಾಗ್ಲೂ ಹೀಗೇ" ಅನ್ನೋ ಮಾತು ಇನ್ನೊಂದು.

ಪ್ರಶ್ನೆಕೋರ ಅವರ ಹರಿಬಿಡೋ ಮನಸ್ಸಿನ ಬಗ್ಗೆ ನನ್ನ ಅಭಿಪ್ರಾಯ: ನೀವೇ ಬೇಕು ಅಂತ ಬಿಟ್ಟಿದ್ದಕ್ಕೂ, ನಿಮ್ಮನ್ನ ಕೇಳದೆ ಎಳ್ಕೊಂಡು ಹೋಗಿದ್ದಕ್ಕೂ ವ್ಯತ್ಯಾಸ ಇದೆ. ನಡೀತಾ ಐಡಿಯಾ ಹುಟ್ಟೋದು ಮೊದಲನೇದು. ರಾತ್ರಿ ಮಲಗಿದಾಗ ಯಾರೋ ಆಡಿದ ಮಾತಿಗೆ ನೂರನೇ ಸಲ ಉತ್ತರ ರಚಿಸೋದು ಎರಡನೇದು. ನಂಗೆ ಬೇಡ ಅನ್ಸೋದು ಎರಡನೇದು ಮಾತ್ರ.

ಪ್ರಶ್ನೆಕೋರ

ಈ ವ್ಯತ್ಯಾಸ ಒಪ್ಪಿದೆ. ಮೆದುಳಿನ ಕಡೆಯಿಂದ್ಲೂ ಇದಕ್ಕೆ ಹೊಂದೋ ಮಾತಿದೆ. ಏನೂ ಕೆಲಸ ಇಲ್ಲದೆ ಸುಮ್ನಿದ್ದಾಗ ಚುರುಕಾಗೋ ಒಂದು ಜಾಲಕ್ಕೆ ಡಿಫಾಲ್ಟ್ ಮೋಡ್ ಅಂತಾರೆ, ಮಾರ್ಕಸ್ ರೈಕಲ್ ತಂಡ 2001ರಲ್ಲಿ ಆ ಹೆಸರು ಕೊಟ್ಟಿದ್ದು. ನೆನಪು, ನಾಳೆಯ ಪ್ಲಾನು, "ನಾನು ನನ್ನದು" ಅನ್ನೋ ಯೋಚನೆ ಎಲ್ಲ ಆ ಜಾಲಕ್ಕೆ ಸೇರಿದ್ದು. 2011ರಲ್ಲಿ ಜಡ್ಸನ್ ಬ್ರೂವರ್ ತಂಡ ತುಂಬ ವರ್ಷ ಧ್ಯಾನ ಮಾಡಿದೋರಲ್ಲಿ ಧ್ಯಾನದ ಹೊತ್ತು ಅದರ ಮುಖ್ಯ ಭಾಗಗಳ ಚಟುವಟಿಕೆ ಕಮ್ಮಿ ಇರೋದನ್ನ ನೋಡಿತು. ಅದೂ ಸಣ್ಣ ಅಧ್ಯಯನಾನೇ, ಜಾಸ್ತಿ ಎಳೀಬಾರದು, ಆದ್ರೆ ದಿಕ್ಕು ಸರಿ ಇದೆ ಅನ್ಸತ್ತೆ. ಆ ಜಾಲ ನಮಗೆ ಬೇಕೇ ಬೇಕು, ಅದನ್ನ ಮುಚ್ಚಿಬಿಡೋದು ಗುರಿ ಆಗಬಾರದು.

ಕಣ್ಣುತೆರೆದವಳು

ನಾನು ಇದುವರೆಗೆ ಓದ್ತಾ ಮಾತ್ರ ಇದ್ದೆ. ಒಂದು ವಿಷಯ ಯಾರೂ ಹೇಳಿಲ್ಲ ಅದಕ್ಕೆ ಬರೀತಿದೀನಿ. ಕಣ್ಣು ಮುಚ್ಚಿ ಉಸಿರು ನೋಡಿ ಅಂದ್ರೆ ನನಗೆ ಶಾಂತಿ ಆಗಲ್ಲ, ಎದೆ ಬಡಿತ ಜೋರಾಗತ್ತೆ, ಉಸಿರು ಸಾಲದು ಅನ್ಸತ್ತೆ, ಹಳೇದೆಲ್ಲ ಮೇಲೆ ಬರತ್ತೆ. ಹೇಳ್ಕೊಂಡ್ರೆ "ಅದನ್ನ ಎದುರಿಸು, ಇನ್ನೂ ಜಾಸ್ತಿ ಕೂರು, ಕರಗಿಹೋಗತ್ತೆ" ಅಂತ ಒಂದು ಕಡೆ ಸಲಹೆ ಬಂತು. ಜಾಸ್ತಿ ಕೂತಾಗ ಜಾಸ್ತಿ ಆಯ್ತು, ರಾತ್ರಿ ನಿದ್ದೆ ಹೋಯ್ತು. ಆಮೇಲೆ ಒಬ್ಬ ಕೌನ್ಸೆಲರ್ ಹತ್ರ ಹೋದಾಗ ಇದು ನನ್ನೊಬ್ಬಳ ಕಥೆ ಅಲ್ಲ ಅಂತ ಗೊತ್ತಾಯ್ತು. ಬ್ರೌನ್ ಯೂನಿವರ್ಸಿಟಿಯ ವಿಲೊಬಿ ಬ್ರಿಟನ್ ಮತ್ತೆ ಅವರ ಜೊತೆಯೋರು ಇಂಥ ಅನುಭವಗಳನ್ನ ವರ್ಷಗಟ್ಟಲೆ ಕೂಡಿಹಾಕಿ 2017ರಲ್ಲಿ ಪ್ರಕಟಿಸಿದಾರೆ, ಭಯ, ನಿದ್ದೆಗೇಡು, ತಾನು ತನ್ನಿಂದ್ಲೇ ದೂರ ಆದ ಹಾಗೆ ಅನ್ಸೋದು, ಎಲ್ಲಾ ಇದೆ ಅದರಲ್ಲಿ.

ಈಗ ನಾನು ಕಣ್ಣು ತೆರೆದೇ ಇರ್ತೀನಿ. ಉಸಿರು ಬಿಟ್ಟು ಪಾದ ನೆಲಕ್ಕೆ ತಾಗಿರೋದು, ಇಲ್ಲಾಂದ್ರೆ ಹೊರಗಿನ ಸದ್ದು. ನಿಂತು ಇಲ್ಲಾ ನಡೀತಾ. ಸ್ವಲ್ಪ ಹೊತ್ತು ಮಾತ್ರ, ಗಾಬರಿ ಏರ್ತಿದೆ ಅನ್ಸಿದ್ರೆ ನಿಲ್ಲಿಸ್ತೀನಿ, ರೂಮಲ್ಲಿ ಇರೋ ಸಾಮಾನು ಒಂದೊಂದಾಗಿ ನೋಡ್ತೀನಿ, ಯಾರನ್ನಾದ್ರೂ ಮಾತಾಡಿಸ್ತೀನಿ. ದಯವಿಟ್ಟು ಹೊಸಬರಿಗೆ ಹೇಳೋವಾಗ ಇದನ್ನೂ ಹೇಳಿ. ನಿಲ್ಲಿಸೋದು ಸೋಲಲ್ಲ.

ಹಳೇಬೇರು

ಇದು ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ನಾನು ಬಂದ ಸಂಪ್ರದಾಯದಲ್ಲಿ 10 ದಿನದ ಮೌನ ಶಿಬಿರ ಇದೆ, ದಿನಕ್ಕೆ ಹೆಚ್ಚುಕಮ್ಮಿ 10 ಗಂಟೆ ಕೂರೋದು. ನನಗೆ ಅದು ಒಳ್ಳೇದು ಮಾಡಿದೆ, ಆದ್ರೆ ಎಲ್ಲರನ್ನೂ "ಹೋಗಿ ಬನ್ನಿ" ಅಂತ ನೂಕೋದನ್ನ ನಾನು ಒಪ್ಪಲ್ಲ. ಆಘಾತ ಆಗಿರೋರು, ಮನೋರೋಗಕ್ಕೆ ಚಿಕಿತ್ಸೆ ತಗೋತಿರೋರು ಮೊದಲು ತಮ್ಮ ಡಾಕ್ಟರ್ ಹತ್ರ ಮಾತಾಡ್ಬೇಕು, ಶಿಬಿರದೋರಿಗೂ ಮುಚ್ಚಿಡದೆ ಹೇಳ್ಬೇಕು. ಮತ್ತೆ ಧ್ಯಾನ ಶುರು ಮಾಡಿದೆ ಅಂತ ಔಷಧಿ ತಾವಾಗೇ ಬಿಡೋದಂತೂ ಬೇಡವೇ ಬೇಡ.

ರಾತ್ರಿಪಾಳಿ

+1. ಔಷಧಿ ಬಿಟ್ಟು ಬಂದೋರನ್ನ ನೋಡಿದೀನಿ. ಬೇಡ.

ತೇಲುವ ಎಲೆ

ಆ್ಯಪ್‌ಗಳ ಬಗ್ಗೆ ಏನಂತೀರಿ? ನಾನು ಒಂದರಲ್ಲಿ ದಿನಾ ಮಾಡ್ತೀನಿ, ಸ್ಟ್ರೀಕ್, ಅಂದ್ರೆ ಬಿಡದೆ ಮಾಡಿದ ದಿನಗಳ ಲೆಕ್ಕ, ತಪ್ಪಬಾರದು ಅಂತ ಹಠ ಇದೆ, ಅದರಿಂದ್ಲೇ ಅಭ್ಯಾಸ ಉಳಿದಿದೆ ಅನ್ಸತ್ತೆ. ಗೆಳತಿ ಅದೇ ತಪ್ಪು ಅಂತಾಳೆ.

ನಿಧಾನಗತಿ

ಶುರು ಮಾಡೋಕೆ ಒಳ್ಳೇದೇ. ಹೇಳಿಕೊಡೋ ದನಿ ಇದ್ರೆ ಮೊದಮೊದಲು ದಾರಿ ಸಿಗತ್ತೆ. ನನ್ನ ತಕರಾರು ಒಂದೇ, ಧ್ಯಾನ ಮುಗಿದ ತಕ್ಷಣ ಸ್ಕ್ರೀನಲ್ಲಿ ಅಂಕಿ ನೋಡಿ ಖುಷಿ ಪಡೋದು ಅಭ್ಯಾಸ ಆದ್ರೆ ಆ ಖುಷಿ ಧ್ಯಾನದ್ದಲ್ಲ ಅಂಕಿದು, ಮತ್ತೆ ಅದೇ ಫೋನಲ್ಲಿ ಮುಂದಿನ ನೋಟಿಫಿಕೇಶನ್ ಕಾಯ್ತಾ ಇರತ್ತೆ. ವಾರಕ್ಕೆ ಒಂದೆರಡು ದಿನ ಆ್ಯಪ್ ಇಲ್ಲದೆ, ಬರೀ ಗಂಟೆ ಹೊಡೆಯೋ ಟೈಮರ್ ಇಟ್ಟು ಕೂತು ನೋಡಿ, ಆ ದನಿ ಇಲ್ಲದೆ ಎಷ್ಟು ನಡಿಯತ್ತೆ ಅಂತ ನಿಮಗೇ ತಿಳಿಯತ್ತೆ.

ಫೋನ್ ವಿಷಯ ಬಂದಿದ್ದಕ್ಕೆ ಇನ್ನೊಂದು. ವಿಯೆಟ್ನಾಮಿನ ಗುರು ಥಿಕ್ ನಾತ್ ಹಾನ್ ಅವರು 1982ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಪ್ಲಮ್ ವಿಲೇಜ್‌ನಲ್ಲಿ ಗಂಟೆ ಹೊಡೆದ್ರೆ, ಗಡಿಯಾರ ಬಾರಿಸಿದ್ರೆ, ಫೋನ್ ರಿಂಗಾದ್ರೆ ಕೂಡ ಎಲ್ಲರೂ ಮಾಡ್ತಿರೋದನ್ನ ಅಲ್ಲಲ್ಲೇ ನಿಲ್ಲಿಸಿ ಮೂರು ಉಸಿರು ಗಮನಿಸಿ ಆಮೇಲೆ ಮುಂದುವರೀತಾರೆ. ನಾನು ಇದನ್ನ ಶುರು ಮಾಡಿದೀನಿ, ರಿಂಗ್ ಆದ ತಕ್ಷಣ ಎತ್ತಲ್ಲ. ಆ ಕಡೆ ಇರೋರಿಗೆ ಗೊತ್ತೂ ಆಗಲ್ಲ, ಆದ್ರೆ ನನ್ನ "ಹಲೋ" ಬೇರೆ ಥರ ಬರತ್ತೆ. ಗಾಡಿ ಓಡಿಸೋವಾಗ ಮಾತ್ರ ಇದ್ಯಾವುದೂ ಬೇಡ, ಅಲ್ಲಿ ರಸ್ತೇನೇ ಗಮನದ ವಸ್ತು.

ಪ್ರಶ್ನೆಕೋರ

ನನ್ನಂಥ ಯಾವಾಗ್ಲೂ ಮೀಟಿಂಗಲ್ಲೇ ಇರೋರಿಗೆ ಏನಾದ್ರೂ ಇದ್ಯಾ? ಮೂರು ಉಸಿರು ಓಕೆ, ಆದ್ರೆ ತಲೆ ಪೂರ್ತಿ ಕೆಟ್ಟಿರೋವಾಗ ಅದು ಸಾಲಲ್ಲ.

ಬೆನ್ನುನೋವು ಬಳಗ

3 ನಿಮಿಷದ್ದು ಒಂದಿದೆ. ಮತ್ತೆ ಮತ್ತೆ ಖಿನ್ನತೆ ಬರೋರಿಗಾಗಿ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅಂತ ಮೂವರು ಮನಶ್ಶಾಸ್ತ್ರಜ್ಞರು ರೂಪಿಸಿದ ಚಿಕಿತ್ಸೇಲಿ ಬರತ್ತೆ. 2000ದಲ್ಲಿ ಬಂದ ಅವರ ಟ್ರಯಲ್‌ನಲ್ಲಿ ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಹೋಗಿಬಂದವರಲ್ಲಿ ಅದು ಮರುಕಳಿಸೋದು ಕಮ್ಮಿ ಆಗಿತ್ತು. ಮೊದಲನೇ ನಿಮಿಷ, ಈಗ ಒಳಗೆ ಏನಿದೆ ಅಂತ ಕೇಳ್ಕೊಳ್ಳೋದು: ಯಾವ ಯೋಚನೆ, ಯಾವ ಭಾವನೆ, ಮೈಯಲ್ಲಿ ಎಲ್ಲಿ ಬಿಗಿ. ಸರಿಮಾಡೋಕೆ ಹೋಗಬಾರದು, ಇದೆ ಅಂತ ಗುರುತಿಸೋದು ಅಷ್ಟೇ. ಎರಡನೇ ನಿಮಿಷ, ಗಮನಾನೆಲ್ಲ ಒಟ್ಟುಮಾಡಿ ಹೊಟ್ಟೆ ಹತ್ರ ಏರಿಳಿಯೋ ಉಸಿರಿಗೆ ತರೋದು. ಮೂರನೇದರಲ್ಲಿ ಅದನ್ನ ಅಗಲ ಮಾಡೋದು, ಪೂರ್ತಿ ಮೈ, ಮುಖ, ಕೂತಿರೋ ಕುರ್ಚಿ, ರೂಮು. ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಆರಾಮಾಗಿ ಆಗತ್ತೆ. ಮೊದಲನೇ ನಿಮಿಷ ಹಾರಿಸಿ ಸೀದಾ ಉಸಿರಿಗೆ ಓಡ್ಬೇಡಿ, ಹಾಗೆ ಮಾಡಿದ್ರೆ ಕಷ್ಟಾನ ಅದುಮಿಟ್ಟು ಉಸಿರಿನ ಹಿಂದೆ ಬಚ್ಚಿಟ್ಕೊಂಡ ಹಾಗೆ ಆಗತ್ತೆ, ಅದು ಐದು ನಿಮಿಷಕ್ಕೆ ವಾಪಸ್ ಬರತ್ತೆ.

ಮೈ ತುಂಬ ಉದ್ವೇಗದಲ್ಲಿದ್ರೆ ಉಸಿರು ಬಿಡೋದನ್ನ ಎಳೆದಿದ್ದಕ್ಕಿಂತ ಉದ್ದ ಮಾಡಿ, ಉಸಿರು ಹೊರಗೆ ಹೋಗೋವಾಗ ಹೃದಯ ಬಡಿತ ಸ್ವಲ್ಪ ನಿಧಾನ ಆಗೋದು ದೇಹದ ಸಹಜ ಗುಣ.

ಹಳೇಬೇರು

ಅದುಮಿಡೋ ವಿಷಯ ಹೇಳಿದ್ದು ಬಹಳ ಮುಖ್ಯ. ಇದನ್ನ ಕೆಲಸದ ಜಾಗದೋರು ದುರುಪಯೋಗ ಮಾಡೋದೂ ಇದೆ. ಮೂರು ಜನರ ಕೆಲಸ ಒಬ್ಬರ ತಲೆಗೆ ಕಟ್ಟಿ ಶುಕ್ರವಾರ ಮೈಂಡ್‌ಫುಲ್‌ನೆಸ್ (ಗಮನದ ಅಭ್ಯಾಸ) ಸೆಷನ್ ಇಡ್ತಾರೆ. ಕೆಲಸ ಜಾಸ್ತಿ ಆಗಿದೆ ಅನ್ನೋದು ಸ್ಪಷ್ಟವಾಗಿ ಕಂಡ್ರೆ "ಆಗಲ್ಲ" ಅಂತ ಬಾಯ್ಬಿಟ್ಟು ಹೇಳೋದೂ ಗಮನದಿಂದ್ಲೇ ಬರ್ಬೇಕಾದ್ದು. ಸಹಿಸ್ಕೊಂಡಿರೋಕೆ ಇದನ್ನ ಕಲೀಬೇಡಿ.

ನಿಧಾನಗತಿ

ಇವತ್ತು ಸಂಜೆ ಇಲ್ಲಿದ್ದೆಲ್ಲ ಓದಿ ಒಂದು ತೀರ್ಮಾನಕ್ಕೆ ಬಂದಿದೀನಿ. ಬೆಳಗ್ಗೆ ಕೂತು ಏಳೋವಾಗ ಥಟ್ ಅಂತ ಏಳಲ್ಲ. ಕಣ್ಣು ಬಿಡೋದು, ಕಾಲು ಬಿಡಿಸೋದು, ನಿಲ್ಲೋದು, ಬಾಗಿಲ ತನಕ ನಡೆಯೋದು, ಇಷ್ಟನ್ನೂ ಧ್ಯಾನದ ಒಳಗೇ ಸೇರಿಸ್ತೀನಿ, ಫೋನ್ ಬೇರೆ ರೂಮಲ್ಲಿ ಇಡ್ತೀನಿ. ಮಾತಿನ ವಿಷಯದಲ್ಲಿ, ದವಡೆ ಬಿಗಿಯಾಗೋದನ್ನೇ ನನ್ನ ಗಂಟೆ ಅಂತ ಇಟ್ಕೋತೀನಿ, ಯೋಚನೆ ಹಿಡಿಯೋದಕ್ಕಿಂತ ಅದನ್ನ ಹಿಡಿಯೋದು ಸುಲಭ ಅನ್ಸ್ತಿದೆ. ಹಿಡಿಯೋದು ತಡವಾದ್ರೂ, ಮಾತು ಅರ್ಧ ಹೊರಗೆ ಬಂದ ಮೇಲೆ ಗೊತ್ತಾದ್ರೂ, ಅಲ್ಲಿಂದ್ಲೇ ವಾಪಸ್ ಬರಬಹುದು ಅಲ್ವಾ ಹಳೇಬೇರು ಅವರೇ?

ಹಳೇಬೇರು

ಬರಬಹುದು. ಅರ್ಧದಲ್ಲಿ ನಿಲ್ಲಿಸಿ "ಒಂದು ನಿಮಿಷ, ಮತ್ತೆ ಹೇಳ್ತೀನಿ" ಅಂದ್ರೆ ಎದುರಿಗಿರೋರಿಗೂ ಉಸಿರಾಡೋಕೆ ಜಾಗ ಸಿಗತ್ತೆ. ಮಾರನೇ ದಿನ ಗೊತ್ತಾದ್ರೂ ಪರವಾಗಿಲ್ಲ, ಸ್ವಲ್ಪ ಸ್ವಲ್ಪ ಬೇಗ ಗೊತ್ತಾಗ್ತಾ ಹೋಗತ್ತೆ.

ಎರಡ್ಮಕ್ಕಳಮ್ಮ

ಹಾಲು ಕೊಡೋವಾಗಿಂದು ಮಾಡ್ತಿದೀನಿ, ಭುಜ ಕಿವಿ ತನಕ ಏರಿಸ್ಕೊಂಡು ಕೂತಿರ್ತೀನಿ ಅಂತ ಇಷ್ಟು ದಿನ ಗೊತ್ತೇ ಇರ್ಲಿಲ್ಲ. ಒಂದು ಡೌಟು, ರಾತ್ರಿ ಮಲಗಿ ಬಾಡಿ ಸ್ಕ್ಯಾನ್ ಶುರು ಮಾಡಿದ್ರೆ ಮೊಣಕಾಲು ದಾಟೋದ್ರೊಳಗೆ ನಿದ್ದೆ ಬಂದ್ಬಿಡತ್ತೆ. ನಡಿಯತ್ತಾ?

ಬೆನ್ನುನೋವು ಬಳಗ

ನಿಮಗೆ ಈಗ ನಿದ್ದೆ ಅದಕ್ಕಿಂತ ಹೆಚ್ಚು ಬೇಕು, ಬಂದ್ರೆ ಮಲಗಿಬಿಡಿ. ಎಚ್ಚರವಾಗಿ ಮಾಡ್ಬೇಕು ಅನ್ಸಿದ ದಿನ ಹಗಲಲ್ಲಿ ಕುರ್ಚೀಲಿ ಕೂತು, ಕಣ್ಣು ಅರ್ಧ ತೆರೆದು, ನೆತ್ತಿಯಿಂದ ಶುರು ಮಾಡಿ ಕೆಳಗೆ ಬನ್ನಿ. ಪೂರ್ತಿ ಮೈ ಆಗ್ಬೇಕು ಅಂತಿಲ್ಲ, ಭುಜದ ತನಕ ಬಂದ್ರೂ ಆಯ್ತು.